ಅವ್ವ ನಕ್ಕರೆ ಉಳಿಯಿತು

ಟಿವಿಯ ಹಾಸ್ಯ ಧಾರಾವಾಹಿ ಎಂದರೆ ನನಗೀಗ ವಾಕರಿಕೆ. ಯಾರ ಮನೆಯಲ್ಲಾದರೂ ಅದನ್ನು ಹಾಕಿದರೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬರುತ್ತೇನೆ. ಕೊಬ್ಬು ಎನ್ನುತ್ತಾರೆ ಜನ. ಅನ್ನಲಿ. ಆ ಅಡುಗೆ ಹೇಗೆ ಬೇಯುತ್ತದೆಂದು ಒಳಗೆ ನಿಂತು ಕಂಡವನು ನಾನು.

ನಾವು ಇಬ್ಬರು ಸೇರಿ ಬರೆಯುತ್ತಿದ್ದೆವು. ನನ್ನದು ಅಜ್ಜಂಪುರ, ಗೆಳೆಯನದು ತರೀಕೆರೆ. ಕಡೂರಿನ ಕಾಲೇಜಿನಲ್ಲಿ ಜೊತೆಗೆ ಓದುವಾಗಲೇ ನಾಟಕ ಕಟ್ಟಿದವರು. ಬೆಂಗಳೂರಿನ ಚಾನೆಲ್ಲೊಂದು ನಮ್ಮ ಧಾರಾವಾಹಿ ಒಪ್ಪಿಕೊಂಡ ಮೇಲೆ ಪ್ರತಿ ಭಾನುವಾರ ಬಸ್ಸು ಹತ್ತಿ ಅವನ ಮನೆಗೆ ಹೋಗುತ್ತಿದ್ದೆ. ನಡುಮನೆಯಲ್ಲಿ ಅವನ ಅವ್ವ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರೆ, ಬರೆದದ್ದನ್ನು ಅವನು ಓದುತ್ತಿದ್ದ. ಗಂಡು ಹೆಣ್ಣು ಎಲ್ಲ ದನಿಯೂ ಅವನದೇ. ಅವ್ವ ನಕ್ಕರೆ ಆ ಮಾತು ಉಳಿಯಿತು. ನಗದಿದ್ದರೆ, ನಾವು ಎಷ್ಟೇ ಮೆಚ್ಚಿಕೊಂಡಿರಲಿ, ಹೊಡೆದು ಹಾಕುವುದೇ. ಬೇರೆ ಕಾನೂನು ನಮಗಿರಲಿಲ್ಲ.

ಅವ್ವ ಸುಲಭಕ್ಕೆ ನಗುವವರಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಊರವರ ಚುಚ್ಚುಮಾತು ನುಂಗಿಕೊಂಡು ಮಗನನ್ನು ಸಾಕಿದವರು. ಯಾರನ್ನಾದರೂ ಹೀಯಾಳಿಸುವ ಮಾತು ಬಂದರೆ ಮೊರ ಎತ್ತಿಕೊಂಡು ಒಳಗೆ ನಡೆದೇಬಿಡುತ್ತಿದ್ದರು. "ಅಂಥದ್ನೆಲ್ಲ ಬರೀಬ್ಯಾಡ್ರಪ್ಪಾ, ಕೇಳೋರ್ಗೆ ನೋವಾಯ್ತದೆ." ಆದರೆ ನಕ್ಕರೆ! ಮೊದಲು ಮೂಗಿನಲ್ಲೊಂದು ಸದ್ದು, ಆಮೇಲೆ ಸೆರಗು ಬಾಯಿಗೆ, ಕೊನೆಗೆ ಉಸಿರು ಕಟ್ಟಿ "ಅಯ್ಯೋ ಶಿವನೇ!"

ಒಮ್ಮೆ ಗೆಳೆಯ ಆ ನಗುವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಿರ್ದೇಶಕನಿಗೆ ಕಳಿಸಿದ. ಅವನಿಗೆ ಹಿಡಿಸಿತು. ಪ್ರತಿ ತಮಾಷೆಯ ಹಿಂದೆ ಒಂದಷ್ಟು ರೆಕಾರ್ಡ್ ಮಾಡಿದ ನಗು ಸೇರಿಸುತ್ತಾರಲ್ಲ, ಅದರೊಳಗೆ ಅವ್ವನದನ್ನೂ ಹಾಕಿದ. ಟಿವಿಯಲ್ಲಿ ಅದನ್ನು ಕೇಳಿದ ಅವ್ವ ಬೀದಿಯನ್ನೇ ಮನೆಗೆ ಕರೆದರು. "ನಂದೇ ಕಣ್ರೇ ಅದು, ಕೇಳ್ರೇ!"

ಅವ್ವ ತೀರಿಕೊಂಡ ಮೇಲೆ ನಮ್ಮ ಬರವಣಿಗೆಗೆ ಹೇಳೋರು ಕೇಳೋರು ಇಲ್ಲದಂತಾಯಿತು. ಚಾನೆಲ್ಲಿನವರಿಗೆ ರೇಟಿಂಗ್ ಬೇಕು. ದಪ್ಪ ಸೊಸೆ ಕೂತ ಕುರ್ಚಿ ಮುರಿಯಬೇಕು. ಕಪ್ಪಗಿರುವ ಹುಡುಗಿ ಬಂದರೆ ಕರೆಂಟು ಹೋಯಿತೆನ್ನಬೇಕು. ಥೂ! ನಾನು ಬರೆಯಲಾರೆ ಎಂದೆ. ಗೆಳೆಯ ಬರೆದುಕೊಟ್ಟ. ಆ ಹೊಲಸಿನ ಹಿಂದೆಯೂ ಅವ್ವನ ನಗು ಬರುತ್ತಿತ್ತು. ಕೊನೆಗೊಂದು ದಿನದ ಕಂತಿನಲ್ಲಿ, ಗಂಡ ಸತ್ತ ಅತ್ತೆಯೊಬ್ಬಳು ಕದ್ದು ಹೂ ಮುಡಿದು ಕನ್ನಡಿಯ ಮುಂದೆ ನಿಲ್ಲುತ್ತಾಳೆ, ಬಾಗಿಲ ಸಂದಿಯಿಂದ ಅಳಿಯ ಗೇಲಿ ಮಾಡುತ್ತಾನೆ. ಅದಕ್ಕೂ ಅವ್ವ "ಅಯ್ಯೋ ಶಿವನೇ!" ಎಂದು ನಕ್ಕರು. ನಾನು ಟಿವಿ ಆರಿಸಿಬಿಟ್ಟೆ.

ಮಾರನೆಯ ದಿನವೇ ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಆ ಒಂದು ನಗುವನ್ನಾದರೂ ತೆಗೆದುಹಾಕಿ ಎಂದು ನಿರ್ದೇಶಕನನ್ನು ಕೇಳಿದೆ. ಅವನು ಫೋನಿನಿಂದ ತಲೆ ಎತ್ತಲಿಲ್ಲ.

"ತೆಗೀಬಹುದು ಸಾರ್. ಆದ್ರೆ ನಿಮ್ ಫ್ರೆಂಡೇ ಬಿಡಲ್ವಲ್ಲ? ಇನ್ನೂ ಜಾಸ್ತಿ ಹಾಕಿ ಅಂತ ಅವ್ರೇ ಫೋನ್ ಮಾಡ್ತಾರೆ."

ಮೈಯೆಲ್ಲ ಉರಿದುಹೋಯಿತು. ನೇರ ತರೀಕೆರೆಗೆ ಬಂದೆ. ಗೆಳೆಯ ನಡುಮನೆಯಲ್ಲಿ ಒಬ್ಬನೇ ಟಿವಿಯ ಮುಂದೆ ಕೂತಿದ್ದ.

"ನಾಚ್ಕೆ ಆಗಲ್ವೇನೋ ನಿಂಗೆ? ಹೆತ್ತವ್ವನ್ನ ಎಂಥದ್ಕೆ ನಗಿಸ್ತಿದ್ದೀಯ ಗೊತ್ತೇನೋ? ಥೂ, ನಿನ್ ಜನ್ಮಕ್ಕಿಷ್ಟು!"

ಅವನು ಸಿಟ್ಟಾಗಲಿಲ್ಲ, ಕೈ ಹಿಡಿದು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ. "ಇಂಥದ್ ಬರೀದಿದ್ರೆ ಧಾರಾವಾಹಿ ನಿಲ್ಲಿಸ್ಬಿಡ್ತಾರೆ ಕಣೋ. ಆಮೇಲೆ ಅವ್ವನ ನಗು ಎಲ್ ಕೇಳ್ಲಿ?"

"ನಿನ್ ಮೊಬೈಲಲ್ಲೇ ಐತಲ್ಲೋ, ಹಾಕ್ಕೊಂಡು ಕೇಳು!"

"ಅದ್ರಲ್ಲಿ ಯಾವತ್ತೋ ಬರ್ದಿದ್ದಕ್ಕೆ ನಗ್ತಾಳೆ. ಇಲ್ಲಿ ನಾನು ಈ ವಾರ ಬರ್ದಿದ್ದಕ್ಕೆ ನಗ್ತಾಳೆ."

ಅಷ್ಟರಲ್ಲಿ ಟಿವಿಯಲ್ಲಿ ಆ ಕುರ್ಚಿ ಮತ್ತೆ ಮುರಿಯಿತು. ಅವನು ಕೈಸನ್ನೆಯಲ್ಲಿ ನನ್ನನ್ನು ಸುಮ್ಮನಿರಿಸಿ ವಾಲ್ಯೂಮ್ ಏರಿಸಿದ. ಇಂಥ ಮಾತಿಗೆ ಎದ್ದು ಹೋಗಲು ಆ ಮನೆಯಲ್ಲಿ ಈಗ ಅವ್ವ ಇರಲಿಲ್ಲ. ನಾನು ಎದ್ದೆ.