ವಿಭೂತಿ ಹಚ್ಚಿದ ಸೀಸೆ

ಈ ಸಲ ಸಿರುಗುಪ್ಪದ ನಮ್ಮ ಕಾಲೇಜಿನಲ್ಲಿ ಆಯುಧಪೂಜೆಯ ದಿನ ಸಹೋದ್ಯೋಗಿಯೊಬ್ಬರು ವಿಭೂತಿಯ ತಟ್ಟೆ ಹಿಡಿದುಕೊಂಡು ನನ್ನ ಲ್ಯಾಬಿಗೆ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ತಕ್ಕಡಿಗೆ ಹಚ್ಚಿ, ಬರ್ನರಿಗೆ ಹಚ್ಚಿ, ಬೇಕಿದ್ದರೆ ನನ್ನ ಹಣೆಗೂ ಹಚ್ಚಿ, ಆ ಕಪ್ಪು ಬಟ್ಟೆ ಹೊದಿಸಿದ ಪೆಟ್ಟಿಗೆಯ ಹತ್ತಿರ ಮಾತ್ರ ಹೋಗಬೇಡಿ ಅಂದೆ. ದನಿ ತುಸು ಏರಿತ್ತೇನೋ. ಸಂಜೆಯ ಹೊತ್ತಿಗೆ ನಾನು ದೇವರನ್ನು ನಂಬದವಳು ಎಂದು ಸ್ಟಾಫ್ ರೂಮಿನಲ್ಲಿ ಸುದ್ದಿಯಾಗಿತ್ತು. ಆಗಲಿ. ದೇವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರುವುದು ಬಳ್ಳಾರಿಯಲ್ಲಿ ಪಿಎಚ್.ಡಿ. ಮಾಡುವಾಗ ನನಗೆ ಗೈಡ್ ಆಗಿದ್ದ ಮನುಷ್ಯನ ಮೇಲೆ, ಮತ್ತು ಅದು ಇನ್ನೂ ಆರಿಲ್ಲ.

ಆಗಲೂ ಈಗಲೂ ನನ್ನ ಕೆಲಸ ಒಂದು ಬಗೆಯ ಅಣುಗಳ ಮೇಲೆ. ಉದ್ದನೆಯ ಅಣು ಅದು. ತಲೆಗೆ ನೀರೆಂದರೆ ಇಷ್ಟ, ಬಾಲಕ್ಕೆ ನೀರೆಂದರೆ ಆಗದು. ನೀರಿಗೆ ಹಾಕಿದರೆ ಬಾಲಗಳೆಲ್ಲ ಒಳಗೆ ಸೇರಿಕೊಂಡು, ತಲೆಗಳು ಹೊರಗೆ ಉಳಿದು, ಯಾರೂ ಹೇಳದೆ ತಾವಾಗಿಯೇ ಎಳೆಗಳಾಗಿ ಹೆಣೆದುಕೊಳ್ಳುತ್ತವೆ. ಕೆಲವು ವಾರ ಅಲುಗಾಡಿಸದೆ ಕತ್ತಲಲ್ಲಿಟ್ಟರೆ ಸೀಸೆಯೊಳಗಿನ ನೀರು ಗಟ್ಟಿ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ, ಬೋರಲು ಹಾಕಿದರೂ ಜಾರುವುದಿಲ್ಲ. ಆದರೆ ಅಣುವಿನ ನಡುವೆ ಕೀಲಿನಂಥ ಒಂದು ಭಾಗವಿದೆ. ಬಿಸಿಲು ತಾಗಿದರೆ ಅದು ಬಾಗುತ್ತದೆ. ಬಾಗಿದ ಅಣುಗಳು ಒತ್ತೊತ್ತಾಗಿ ಕೂರಲಾರವು, ಹೆಣಿಗೆ ಬಿಚ್ಚಿಹೋಗುತ್ತದೆ, ಹೆಪ್ಪು ಕರಗಿ ಮತ್ತೆ ನೀರಾಗುತ್ತದೆ.

ಅದಕ್ಕೇ ಆಗ ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ದಪ್ಪನೆಯ ಕಪ್ಪು ಬಟ್ಟೆ ತಂದಿದ್ದೆ. "ಏನ್ ಹೊಲಿಸ್ತೀರವ್ವಾ ಇದ್ರಾಗ?" ಎಂದು ಅಂಗಡಿಯವರು ಕೇಳಿದಾಗ "ಹೊಲಸಾಕಲ್ರಿ, ಸೀಸೇಕ್ಕ ಹೊದಸಾಕ" ಅಂದೆ. ಅವರು ನಕ್ಕು ಒಂದು ಗೇಣು ಹೆಚ್ಚಿಗೆ ಹರಿದುಕೊಟ್ಟರು. ಆ ಬಟ್ಟೆಯ ಬಗ್ಗೆ ನನಗಿಂತ ಹೆಚ್ಚಿನ ಕಾಳಜಿ ಇದ್ದದ್ದು ನಮ್ಮ ಲ್ಯಾಬಿನ ಅಟೆಂಡರ್‌ಗೆ. ಕೌಲ್ ಬಜಾರಿನವರು, ಏಜೆನ್ಸಿಯ ಮೂಲಕ ಕೆಲಸಕ್ಕೆ ಬಂದವರು, ನಮ್ಮೆಲ್ಲರ ಬಾಯಲ್ಲಿ ಚಾಚಾ. ಯಾರಾದರೂ ಕಿಟಕಿ ತೆರೆದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಸೀಸೆಗಳ ಪೆಟ್ಟಿಗೆಗೆ ಹೊದಿಸಿದ ಬಟ್ಟೆಯ ಅಂಚು ಎಳೆದು ಸರಿಮಾಡಿ ಹೋಗುತ್ತಿದ್ದರು.

ಆ ವರ್ಷ ಆಯುಧಪೂಜೆಯ ಹಬ್ಬಕ್ಕೆ ನಾನು ಕುರುಗೋಡಿಗೆ, ಅಮ್ಮನ ಮನೆಗೆ ಹೋಗಿದ್ದೆ. ತಿರುಗಿ ಬಂದು ನೋಡುತ್ತೇನೆ, ಪೂರ್ವಕ್ಕೆ ಮುಖಮಾಡಿದ ವರಾಂಡದಲ್ಲಿ ಪೂಜೆಯ ಮೇಜು ಹಾಗೇ ಇದೆ. ಬಾಡಿದ ಚೆಂಡುಹೂವಿನ ನಡುವೆ ನನ್ನ ಸೀಸೆಗಳು, ಗೋಡೆಗೆ ಒರಗಿಸಿ ಸಾಲಾಗಿ ಇಟ್ಟದ್ದು, ಮೈಮೇಲೆ ಬಟ್ಟೆಯಿಲ್ಲ. ಪ್ರತಿಯೊಂದಕ್ಕೂ ಮೂರು ಬೆರಳಿನಲ್ಲಿ ಎಳೆದ ದಪ್ಪ ವಿಭೂತಿ ಪಟ್ಟೆ. ಒಂದನ್ನು ಎತ್ತಿದೆ. ತುಳುಕಿತು. ಮುಂದಿನ ವಾರ ಬೆಂಗಳೂರಿನ ಸೂಕ್ಷ್ಮದರ್ಶಕಕ್ಕೆ ಹೋಗಬೇಕಿದ್ದ ಸೀಸೆಗಳು ಅವು. ನನಗೆ ಅಳು ಬರಲಿಲ್ಲ, ಮೈ ಉರಿಯಿತು.

ಗೈಡ್ ಹತ್ತಿರ ಹೋದೆ. ಅವರು ಸೀಸೆ ನೋಡಿದರು, ನನ್ನನ್ನು ನೋಡಿದರು, ಎದ್ದು ವರಾಂಡಕ್ಕೆ ಬಂದು ಎಲ್ಲರ ಮುಂದೆ ಚಾಚಾನನ್ನು ಕರೆದರು.

"ಏನಲೇ, ಹಬ್ಬದ ಹಿಂದಿನ ದಿನ ಪೆಟಗಿ ಒರಸು ಅಂದ್ರ ಅರಿಬಿ ತಗದು ಬಿಸಲಾಗ ಇಟ್ಟು ಹೋಗಿಯಲ್ಲ. ಬುದ್ಧಿ ಐತೇನು ನಿನಗ?"

ಚಾಚಾ ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರು. "ಒರಸಿ ಮುಚ್ಚೇ ಇಟ್ಟಿದ್ನಿರಿ ಸರ್. ಪೂಜಿ ಹೊತ್ತಿನ್ಯಾಗ ಕರೇ ಅರಿಬಿ ಇರಬಾರದು ಅಂತ ನೀವ ತಗಸಿದ್ರಿ. ಆಮ್ಯಾಲ ಮುಚ್ಚಾಕ ಬಂದ್ರ, ಪೂಜಾ ಆಗೇತಿ, ಮುಟ್ಟಬ್ಯಾಡ ಅಂದ್ರಿ."

"ನಾ ಯಾವಾಗ ಅಂದೆ? ನಾಳಿಂದ ಬರಬ್ಯಾಡ ನೀನು. ಏಜೆನ್ಸಿಗೆ ನಾ ಹೇಳ್ತೀನಿ."

ಪೂಜೆಯ ದಿನ ಇದ್ದ ಹತ್ತಾರು ಮಂದಿ ಅಲ್ಲೇ ನಿಂತಿದ್ದರು. ಒಬ್ಬೊಬ್ಬರಾಗಿ ತಮ್ಮ ತಮ್ಮ ಮೇಜಿಗೆ ಜಾರಿಕೊಂಡರು. ಎಲ್ಲರ ಥೀಸಿಸ್ಸಿಗೂ ಆ ಮನುಷ್ಯನ ಸಹಿ ಬೇಕಲ್ಲ. ಬೆಳಕು ಬಿದ್ದರೆ ಅಣುವಿಗೆ ಏನಾಗುತ್ತದೆ ಎಂದು ನಮಗೆಲ್ಲ ಬೋರ್ಡಿನ ಮೇಲೆ ಬರೆದು ಕಲಿಸಿದವರು ಇವರೇ. ಕಪ್ಪು ಅಪಶಕುನ ಎಂದು ಬಟ್ಟೆ ತೆಗೆಸಿದವರೂ ಇವರೇ. ಹೊಟ್ಟೆಪಾಡು ಹೋದದ್ದು ಮಾತ್ರ ಚಾಚಾನದು. ಅವರು ಊಟದ ಡಬ್ಬಿ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು ನಡೆದುಬಿಟ್ಟರು.

ನಾನು ಹಲ್ಲು ಕಚ್ಚಿಕೊಂಡು ಸೀಸೆ ತೊಳೆಯಲು ಕುಳಿತೆ. ಮೊದಲನೆಯದನ್ನು ಬಗ್ಗಿಸಿದರೆ ನೀರೆಲ್ಲ ಹರಿದುಹೋಯಿತು, ಒಳಗೆ ಗಾಜಿಗೆ ಏನೋ ಅಂಟಿಕೊಂಡೇ ಉಳಿಯಿತು. ಬೆಳಕಿಗೆ ಹಿಡಿದು ನೋಡಿದೆ. ಮೂರು ಪಟ್ಟೆ, ಹೊರಗಿನ ವಿಭೂತಿ ಎಲ್ಲೆಲ್ಲಿದೆಯೋ ಅಲ್ಲಲ್ಲೇ, ಅದರ ಹಿಂದೆ ಹೆಪ್ಪು ಕರಗದೆ ನಿಂತಿತ್ತು. ಎರಡನೆಯದರಲ್ಲೂ ಹಾಗೇ. ವಿಭೂತಿ ಬಿಸಿಲನ್ನು ತಡೆದಿದೆ. ಅಂದರೆ ಬಿಸಿಲು ಬಿದ್ದದ್ದು ವಿಭೂತಿ ಹಚ್ಚಿದ ಮೇಲೆ. ಹಿಂದಿನ ದಿನವೇ ಬಟ್ಟೆ ತೆಗೆದಿಟ್ಟಿದ್ದರೆ ಪೂಜೆಯ ಹೊತ್ತಿಗೆ ಸೀಸೆಯಲ್ಲಿ ಉಳಿಯಲು ಹೆಪ್ಪೇ ಇರುತ್ತಿರಲಿಲ್ಲ. ವಿಭೂತಿ ಹಚ್ಚುವುದು ಪ್ರತಿವರ್ಷ ಗೈಡ್ ಅವರ ಕೈಯಿಂದಲೇ ಆಗಬೇಕು, ಬೇರೆಯವರಿಗೆ ತಟ್ಟೆ ಕೊಡುವವರಲ್ಲ. ಅಂದರೆ ಬಟ್ಟೆ ತೆಗೆದದ್ದು ಅವರ ಕಣ್ಣೆದುರೇ.

ಉಳಿದ ಸೀಸೆಗಳನ್ನು ತೊಳೆಯದೆ ಡಬ್ಬಿಯಲ್ಲಿಟ್ಟುಕೊಂಡು ಮರುದಿನ ಅವರ ಕೋಣೆಗೆ ಹೋದೆ. ಒಂದನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಈಗ ಮುಖ ಬಾಡುತ್ತದೆ ಅಂದುಕೊಂಡೆ. ಅರಳಿತು.

"ಇದು ಪೇಪರ್ ಆಗ್ತೈತಮ್ಮ. ಎಲ್ಲಿ ಬೇಕೋ ಅಲ್ಲಷ್ಟ ಗಟ್ಟಿ ಉಳಸೂದು. ಛಲೋ ಐತಿ."

"ಚಾಚಾಂದು ಏನ್ರಿ ಸರ್?"

"ಅದು ಬ್ಯಾರೆ ವಿಷಯ."

ನಾನು ಸೀಸೆಯನ್ನು ಅವರ ಕೈಯಿಂದ ತೆಗೆದುಕೊಂಡೆ, ಕಸಿದುಕೊಂಡೆ ಅಂದರೂ ತಪ್ಪಿಲ್ಲ. ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. "ಚಾಚಾ ಬರೂತನ ಇದನ್ನ ತೆಗಿಯೂದಿಲ್ರಿ. ಬಂದ ದಿನ ಬೈದ ಜಾಗದಾಗ, ಎಲ್ಲಾರ ಮುಂದ, ಅವರ ತಪ್ಪಿಲ್ಲ ಅಂತ ನೀವು ಹೇಳಬೇಕು."

ಪೇಪರಿನ ಆಸೆ ದೊಡ್ಡದು. ಏಜೆನ್ಸಿಗೆ ಫೋನು ಹೋಯಿತು, ಆ ವಾರವೇ ಚಾಚಾ ಬಂದರು. ಗೈಡ್ ನಮ್ಮನ್ನೆಲ್ಲ ವರಾಂಡದಲ್ಲಿ ಸೇರಿಸಿದರು. ಚಾಚಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಎದುರಿಗೆ ನಿಂತಿದ್ದರು. ಗೈಡ್ ಗಂಟಲು ಸರಿಮಾಡಿಕೊಂಡು ಅವರ ಹೆಗಲ ಮೇಲೆ ಕೈ ಇಟ್ಟರು.

"ಆದದ್ದು ಆಗಿಹೋತು. ನಾ ಇವನ್ನ ಕ್ಷಮಿಸೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಚಾಚಾ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ತಲೆ ತಗ್ಗಿಸಿ, "ಹೂಂರಿ ಸರ್" ಅಂದರು.