ಡಾಂಬರಿನ ಕೆಳಗಿನ ವಾಲ್ವು

ನನ್ನ ಸೋದರತ್ತೆಗೆ ಮೇಲಿನ ಬೀದಿಯವರು ಇಟ್ಟ ಹೆಸರು ನೀರಕ್ಕ. ಮಾವ ತೀರಿಕೊಂಡ ಮೇಲೆ, ನೀರಿನ ಇಲಾಖೆಯಲ್ಲಿ ಬೀದಿಗಳಿಗೆ ನೀರು ಬಿಡುವ ಅವರ ಕೆಲಸ ಅತ್ತೆಗೆ ಬಂತು. ಕೆಲಸದ ಜೊತೆಗೆ ಅವರ ಕಬ್ಬಿಣದ ಕೀಲಿಯೂ ಬಂತು. ಎದೆಯೆತ್ತರದ, ತುದಿಯಲ್ಲಿ ಅಡ್ಡ ಹಿಡಿಯಿರುವ ಆ ಕೀಲಿಯನ್ನು ಹೆಗಲಿಗೇರಿಸಿ ಅತ್ತೆ ಬೆಳಿಗ್ಗೆ ಹೊರಡುತ್ತಿದ್ದರು. ಬೀದಿಯ ಮುಚ್ಚಳ ಎತ್ತಿ, ಗುಂಡಿಗೆ ಕೀಲಿ ಇಳಿಸಿ, ಮೈಭಾರವನ್ನೆಲ್ಲ ಹಾಕಿ ವಾಲ್ವು ತಿರುಗಿಸುತ್ತಿದ್ದರು. ಮೊದಲು ಕೊಳವೆಯಲ್ಲಿ ಗಾಳಿ ಕೆಮ್ಮುತ್ತದೆ, ಆಮೇಲೆ ನೀರು ಬರುತ್ತದೆ. ಆ ಕೆಮ್ಮು ಕೇಳಿದಾಗ ಅತ್ತೆಯ ಮುಖ ಸ್ವಲ್ಪ ಸಡಿಲವಾಗುತ್ತಿತ್ತು. ಉಳಿದ ಹೊತ್ತೆಲ್ಲ ಸಿಟ್ಟು ಮೂಗಿನ ತುದಿಯಲ್ಲೇ. “ತೋಳಲ್ಲಿ ಏನಿದೆ ಕಣೇ? ನನ್ನ ಸಿಟ್ಟಿಗೇ ಈ ವಾಲ್ವು ತಿರುಗೋದು” ಎನ್ನುತ್ತಿದ್ದರು.

ಮೇಲಿನ ಬೀದಿ ಸರ್ಕಾರಿ ನೌಕರರ ವಸತಿ. ದೊಡ್ಡ ನೌಕರರದಲ್ಲ. ಲೈನ್‌ಮ್ಯಾನ್, ಆಸ್ಪತ್ರೆಯ ನರ್ಸ್, ಕಚೇರಿಗಳ ಜವಾನರು, ಕಸ ಗುಡಿಸುವವರು, ರಸ್ತೆ ಇಲಾಖೆಯ ರೋಲರ್ ಓಡಿಸುವ ಅಜ್ಜ, ಹೀಗೆ ಎಲ್ಲ ಇಲಾಖೆಯವರೂ ಗೋಡೆ ಹಂಚಿಕೊಂಡು ಬದುಕುವ ಸಾಲುಮನೆಗಳು. ಒಂದು ಮನೆಯಲ್ಲಿ ಸೀನಿದರೆ ಪಕ್ಕದ ಮನೆಯವರು “ನೂರು ವರ್ಷ ಬಾಳು” ಅನ್ನುವಷ್ಟು ಹತ್ತಿರ. ಇವರ ಮೇಲಧಿಕಾರಿಗಳು ಮಾತ್ರ ತಿಂಗಳಿಗೊಮ್ಮೆ ಸಮನ್ವಯ ಸಭೆಯಲ್ಲಿ ಸೇರುತ್ತಿದ್ದರು. ನೀರಿನವರು, ರಸ್ತೆಯವರು, ವಿದ್ಯುತ್ತಿನವರು ಒಂದೇ ಮೇಜಿನ ಸುತ್ತ ಕೂತು, ಒಬ್ಬರ ಸಹಕಾರಕ್ಕೆ ಇನ್ನೊಬ್ಬರು ಧನ್ಯವಾದ ಹೇಳಿ ಎದ್ದುಹೋಗುತ್ತಿದ್ದರು.

ರಸ್ತೆಗೆ ಹೊಸ ಡಾಂಬರು ಹಾಕುವ ಮೊದಲು ಒಂದು ಪದ್ಧತಿಯಿದೆ. ವಾಲ್ವಿನ ಗುಂಡಿಯ ಬಳಿ ನೀರಿನವರು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಾರೆ. ಅದನ್ನು ಕಂಡ ರಸ್ತೆಯವರು ಮುಚ್ಚಳವನ್ನು ಎತ್ತರಿಸಿ, ಅದರ ಜಾಗ ಬಿಟ್ಟು ಡಾಂಬರು ಹಾಕುತ್ತಾರೆ. ಮೇಲಿನ ಬೀದಿಗೆ ಡಾಂಬರು ಹಾಕುತ್ತಾರೆಂದು ತಿಳಿದು ಅತ್ತೆ ತಮ್ಮ ಹಳೇ ಕೆಂಪು ಸೀರೆಯ ಸೆರಗು ಹರಿದು ಕಟ್ಟಿ ಬಂದಿದ್ದರು. ರಸ್ತೆಯ ಸಾಹೇಬರು ಅದನ್ನು ನೋಡಿ, ಈ ಕೋಲು ಯಾರದು ಎಂದು ಸಭೆಯಲ್ಲಿ ಕೇಳಿದರಂತೆ. ವಿದ್ಯುತ್ತಿನವರು ನಮ್ಮದಲ್ಲ ಎಂದರು. ನೀರಿನ ಸಾಹೇಬರು ಅಂದು ರಜೆ. ಯಾರದೂ ಅಲ್ಲದ ಕೋಲನ್ನು ಕಿತ್ತುಹಾಕಲು ಸಭೆ ಒಪ್ಪಿತು. ಕೇಳದೆ ಮಾಡಿದ್ದರೆ ಕಣ್ತಪ್ಪು ಎನ್ನಬಹುದಿತ್ತು. ಅವರು ಕೇಳಿ ಮಾಡಿದರು. ನನಗೆ ಇವತ್ತಿಗೂ ಅರಗದಿರುವುದು ಅದೇ.

ಡಾಂಬರು ಹಾಕಿದ ಮರುದಿನ ಅತ್ತೆ ಕೀಲಿ ಹೊತ್ತು ಹೋದಾಗ ಬೀದಿ ಎಣ್ಣೆ ಹಚ್ಚಿದ ಜಡೆಯ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಮುಚ್ಚಳವೂ ಇಲ್ಲ, ಕೋಲೂ ಇಲ್ಲ. ನಲ್ಲಿಯ ಮುಂದೆ ಕೊಡಗಳ ಸಾಲು. ಹೊಸ ರಸ್ತೆ ನೋಡಲು ಬಂದಿದ್ದ ರೋಲರ್ ಅಜ್ಜ ಅತ್ತೆಯ ಕೈಗೆ ಸಿಕ್ಕಿಬಿದ್ದ.

“ಅಜ್ಜಾ, ಕಣ್ಣೆಲ್ಲಿತ್ತು ನಿಂಗೆ? ನಿನ್ನ ಮನೆ ನೀರಿನ ಮೇಲೆ ನೀನೇ ರೋಲರ್ ಹತ್ತಿಸಿದ್ದೀಯಲ್ಲ!”

“ಹತ್ತಿಸು ಅಂದ್ರು, ಹತ್ತಿಸ್ದೆ ಕಣಮ್ಮ. ರೋಲರ್ ಮೇಲೆ ಕೂತವನಿಗೆ ಮುಂದಿನ ಚಕ್ರ ಬಿಟ್ಟು ಇನ್ನೇನು ಕಾಣುತ್ತೆ?”

“ಖಾಲಿ ಕೊಡ ತಗೊಂಡು ಮನೇಲಿರೋ ಅಜ್ಜಿ ಮುಂದೆ ಹೋಗು, ಎಲ್ಲಾ ಕಾಣುತ್ತೆ” ಎಂದರು ನರ್ಸ್. ಒಗೆಯದ ಸಮವಸ್ತ್ರದಲ್ಲೇ ಅವರು ಕೆಲಸಕ್ಕೆ ಹೊರಟಿದ್ದರು.

ಅತ್ತೆ ತಮ್ಮ ಸಾಹೇಬರ ಹತ್ತಿರ ಹೋದರು. “ರಸ್ತೆ ಅವರದ್ದು, ಅಗೆಯೋಕೆ ಅವರು ಒಪ್ಪಬೇಕು” ಎಂದರು ಸಾಹೇಬರು. ರಸ್ತೆಯವರು, “ಕೆಳಗೆ ಕರೆಂಟಿನ ಕೇಬಲ್ ಇದೆಯಲ್ಲಮ್ಮ, ಅವರು ಹೂಂ ಅನ್ನಲಿ” ಎಂದರು. ವಿದ್ಯುತ್ತಿನವರು ಕುರ್ಚಿ ಕೊಟ್ಟು ಕೂರಿಸಿ, ನಯವಾಗಿ, “ವಾಲ್ವು ಎಲ್ಲಿದೆ ಅಂತ ನಿಮ್ಮವರು ಗುರುತು ಮಾಡಿಕೊಟ್ಟರೆ ನೋಡಬಹುದು” ಎಂದರು.

“ಗುರುತು ಮಾಡಿದ್ನಲ್ಲ ಸಾರ್! ನೀವೇ ಕೂತು ಮಾತಾಡಿ ಕಿತ್ತು ಬಿಸಾಕಿದ್ರಿ.”

“ಅದು ಹೋದ ಸಭೆಯ ವಿಷಯ ಅಮ್ಮ. ಮುಂದಿನ ಸಭೇಲಿ ಇಡೋಣ.”

ಮನೆಗೆ ಬಂದ ಅತ್ತೆ ಚಪ್ಪಲಿ ಬಿಡದೆ ಬಾಗಿಲಲ್ಲೇ ಕೂತರು. “ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅಂತಾರೆ. ಇವರಲ್ಲಿ ನೀರಿಗೆ ಎಳೆಯೋ ಕೋಣ ಕೂಡ ಇಲ್ಲ ಕಣೇ” ಎಂದರು. ನನಗೆ ನಗು ಬಂತು. ಅತ್ತೆ ನಗಲಿಲ್ಲ.

ಮೇಲಿನ ಬೀದಿಯವರು ಕೆಳಗಿನ ಬೀದಿಯಿಂದ ಏರು ಹತ್ತಿ ನೀರು ಹೊರತೊಡಗಿದರು. ಸಾಹೇಬರುಗಳು ಅವರ ಕಣ್ಣಿಗೆ ಬೀಳುವವರಲ್ಲ, ಅತ್ತೆ ಬೀಳುತ್ತಿದ್ದರು. “ಸಂಬಳ ಎಣಿಸೋಕೆ ಮಾತ್ರ ಬರುತ್ತಾ?” ಎಂದು ಜವಾನನ ಹೆಂಡತಿ ಎಲ್ಲರೆದುರು ಕೇಳಿದಳು. ಅತ್ತೆ ತಿರುಗಿ ಬೈಯಲಿಲ್ಲ. ಬೈಗುಳಕ್ಕೆ ಎಂದೂ ಬರವಿಲ್ಲದ ಅವರು ಅಂದು ಹಲ್ಲು ಕಚ್ಚಿ ನಿಂತದ್ದನ್ನು ನೋಡಿ ನನಗೇ ಭಯವಾಯಿತು.

ಆ ವಾರವೇ ರೋಲರ್ ಅಜ್ಜನ ಹೆಂಡತಿ ಏರಿನಲ್ಲಿ ಕೊಡದ ಸಮೇತ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ನರ್ಸ್ ರಟ್ಟು ಇಟ್ಟು ಬಟ್ಟೆ ಸುತ್ತಿ ಆಸ್ಪತ್ರೆಗೆ ಕರೆದೊಯ್ದರು. ಅವರು ತಿರುವು ದಾಟುವವರೆಗೆ ಅತ್ತೆ ನೋಡುತ್ತ ನಿಂತಿದ್ದು, ಆಮೇಲೆ ಕೀಲಿಯನ್ನು ಗೋಡೆಗೆ ಒರಗಿಸಿ, “ಹಾರೆ ಯಾರ ಮನೇಲಿದೆ?” ಎಂದರು.

“ಕೇಬಲ್ ಚರಂಡಿ ಪಕ್ಕ ಹೋಗುತ್ತೆ ಅಕ್ಕಾ, ಹಾಕಿದವನು ನಾನೇ. ಈ ಕಡೆ ಅಗೀರಿ, ಏನಾದ್ರೂ ಆದ್ರೆ ನನ್ನ ತಲೆ ಮೇಲಿರಲಿ” ಎಂದ ಲೈನ್‌ಮ್ಯಾನ್.

ಅತ್ತೆ ಹಿಂದೆಮುಂದೆ ನೋಡದೆ ಒಂದು ಕಡೆ ಕಾಲೂರಿ, “ಇಲ್ಲೇ” ಎಂದರು. ಡಾಂಬರು ಒಡೆದು ಅಗೆದರು. ಬರೀ ಜಲ್ಲಿ. ಸ್ವಲ್ಪ ಆಚೆ ಅಗೆದರು. ಅಲ್ಲೂ ಜಲ್ಲಿ.

“ನೀರಕ್ಕಾ, ನಿಧಿ ಗಿಧಿ ಹುಡುಕ್ತಾ ಇದ್ದೀಯೇನು?” ಎಂದಳು ಅದೇ ಜವಾನನ ಹೆಂಡತಿ. ಆದರೆ ಈ ಸಲ ಬುಟ್ಟಿಯಲ್ಲಿ ಜಲ್ಲಿ ತುಂಬುತ್ತಿದ್ದವಳೂ ಅವಳೇ. ಅತ್ತೆಯ ಮುಖ ಕೆಂಪಾಗಿತ್ತು. ಪ್ರತಿದಿನ ನಿಂತ ಜಾಗವನ್ನೇ ಮರೆಸಿಬಿಟ್ಟಿತ್ತು ಆ ನುಣುಪು. ಕೊನೆಗೆ ರೋಲರ್ ಅಜ್ಜ ಅವರ ಕೈಯಿಂದ ಹಾರೆ ಕಿತ್ತುಕೊಂಡು ಸಿಕ್ಕಸಿಕ್ಕಲ್ಲಿ ಕುಟ್ಟತೊಡಗಿದ. ಒಂದು ಕಡೆ ಠಣ್ ಎಂದಿತು.

ಗಾಳಿ ಬಹಳ ಹೊತ್ತು ಕೆಮ್ಮಿತು. ಮೊದಲು ಕೆಂಪು ನೀರು, ಆಮೇಲೆ ತಿಳಿನೀರು.

ಮುಂದಿನ ಸಭೆ ಮುಗಿದ ಮರುದಿನ ಬೆಳಿಗ್ಗೆ ಮೂರೂ ಇಲಾಖೆಯ ಸಾಹೇಬರು ಒಂದೇ ಜೀಪಿನಿಂದ ಇಳಿದರು. ಅಂಥ ಒಗ್ಗಟ್ಟನ್ನು ಆ ಬೀದಿ ಕಂಡೇ ಇರಲಿಲ್ಲ. ಅತ್ತೆ ಆಗಷ್ಟೇ ವಾಲ್ವು ತೆರೆದಿದ್ದರು. ನಾನು ಅವರ ಪಕ್ಕದಲ್ಲಿದ್ದೆ. ರಸ್ತೆಯವರು ಒಡೆದ ಡಾಂಬರನ್ನು ಬೂಟಿನ ತುದಿಯಿಂದ ಮುಟ್ಟಿ ನೋಡಿದರು. ನೀರಿನ ಸಾಹೇಬರು ಗಂಟಲು ಸರಿಮಾಡಿಕೊಂಡರು.

“ಸಾರ್ವಜನಿಕ ಆಸ್ತಿ ಹಾಳು ಮಾಡಿದ್ದೀರಿ. ನಿನ್ನೆಯಿಂದ ನಿಮ್ಮನ್ನ ಅಮಾನತು ಮಾಡಿದೆ. ಮೂರೂ ಇಲಾಖೆ ಸೇರಿ ತಗೊಂಡ ತೀರ್ಮಾನ ಇದು. ಇವತ್ತು ನೀವು ವಾಲ್ವು ಮುಟ್ಟೋ ಹಾಗೇ ಇರಲಿಲ್ಲ.”

“ಅಜ್ಜಿ ಕೈ ಮುರೀತಲ್ಲ ಸಾರ್, ಅದು ಯಾವ ಆಸ್ತಿ?”

“ಅದು ಬೇರೆ ವಿಷಯ.”

“ಸರಿ. ಮುಟ್ಟಬಾರದಾಗಿತ್ತು, ಮುಟ್ಟಿಬಿಟ್ಟೆ” ಎಂದು ಅತ್ತೆ ಕೀಲಿಯನ್ನು ಗುಂಡಿಯಿಂದ ಎತ್ತಿ, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದರು. “ಈಗ ನೀವೇ ಮುಚ್ಚಿ.”

ನೀರಿನವರು ರಸ್ತೆಯವರ ಮುಖ ನೋಡಿದರು. ರಸ್ತೆಯವರು ವಿದ್ಯುತ್ತಿನವರ ಮುಖ ನೋಡಿದರು. ವಿದ್ಯುತ್ತಿನವರು ಕೈ ಎತ್ತಿದಂತೆ ಮಾಡಿ ಜೇಬಿಗೆ ಹಾಕಿಕೊಂಡರು. ಕೊಡ ಹಿಡಿದ ಹೆಂಗಸರು ಒಬ್ಬರೂ ಮಿಸುಕಲಿಲ್ಲ. ಬ್ಯಾಂಡೇಜಿನ ಕೈ ಎದೆಗೆ ಕಟ್ಟಿಕೊಂಡ ಅಜ್ಜಿ ಬಾಗಿಲಿಗೆ ಬಂದು ನಿಂತರು. ಅತ್ತೆ ಕೀಲಿ ಇಳಿಸಲಿಲ್ಲ.

ನಲ್ಲಿಯ ಕೆಳಗಿನ ಕೊಡ ತುಂಬಿ ಚೆಲ್ಲತೊಡಗಿತು. ನರ್ಸ್ ಸಾಹೇಬರುಗಳ ನಡುವೆಯೇ ದಾರಿ ಮಾಡಿಕೊಂಡು ಹೋಗಿ, ಅದನ್ನು ಎತ್ತಿ ಬದಿಗಿಟ್ಟು, ಅಜ್ಜಿಯ ಖಾಲಿ ಕೊಡವನ್ನು ನಲ್ಲಿಗೆ ಹಿಡಿದರು.