ಮೇಲಿನ ಮೆಟ್ಟಿಲಿನ ಕಥೆ

ನಿನ್ನೆ ಬೆಳಿಗ್ಗೆ ಕೌನ್ಸಿಲಿನಿಂದ ಒಂದು ಲಕೋಟೆ ಬಂತು. ಯಾವ ವಾರ ಯಾವ ಕಸದ ಡಬ್ಬಿಯನ್ನು ಬಾಗಿಲ ಮುಂದಿಡಬೇಕು ಎಂಬ ಪಟ್ಟಿ, ಅಷ್ಟೇ. ಅದರ ಎರಡು ಹಾಳೆಗಳು ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಚಹಾ ಆರಿದರೆ ಆರಲಿ ಎಂದು ಚಾಕುವಿನ ತುದಿಯಿಂದ ಅವನ್ನು ಹುಷಾರಾಗಿ ಬಿಡಿಸಿ, ಎರಡೂ ಬದಿ ಓದಿ ಮುಗಿಸಿದೆ. ನಮ್ಮ ಮನೆಯವರು ಟೋಸ್ಟ್ ತಿನ್ನುತ್ತಾ, "ಕಸದ ಪಟ್ಟೀನೂ ಪೂರಾ ಓದಬೇಕೇನು?" ಎಂದರು. ಓದಬೇಕು. ಯಾಕೆಂದು ಅವರಿಗೆ ಗೊತ್ತಿದೆ. ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾವು ವಿಲಾಯತಿಗೆ ಬಂದು ಟೂಟಿಂಗಿನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಮನೆಯವರಿಗೆ ಆಸ್ಪತ್ರೆಯ ಕೆಲಸ. ನನ್ನ ಬಳಿ ಇದ್ದದ್ದು ಧಾರವಾಡದಿಂದ ಹೊತ್ತು ತಂದ ಇಂಗ್ಲಿಷ್ ಎಂ.ಎ. ಮತ್ತು ಉದ್ದುದ್ದ ಮಧ್ಯಾಹ್ನಗಳು. ಯುಗಾದಿಯ ಕೂಟವೊಂದರಲ್ಲಿ ಯಾರೋ ನನ್ನನ್ನು ಫೆಲಿಕ್ಸ್ ಸರ್ ಅವರಿಗೆ ಪರಿಚಯಿಸಿದರು. ಉಡುಪಿ ಕಡೆಯ ಕ್ಯಾಥೊಲಿಕರು, ಮನೆಮಾತು ಕೊಂಕಣಿ, ಹೆಂಡತಿ ತೀರಿಕೊಂಡು ಒಬ್ಬರೇ ಇದ್ದರು. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತರಾದವರು. ಸಣ್ಣ ಪ್ರಕಾಶಕರೊಬ್ಬರಿಗಾಗಿ ವರ್ಷಕ್ಕೊಂದು ಸೈನ್ಸ್ ಫಿಕ್ಷನ್ ಕಥೆಗಳ ಸಂಕಲನ ಮಾಡಿಕೊಡುತ್ತಿದ್ದರು. "ಎಂ.ಎ. ಮಾಡಿದವರಿಗೆ ಕಥೆ ಓದ್ಲಿಕ್ಕೆ ಬರ್ತದಾ?" ಎಂದು ಕೇಳಿದರು. ಬರುತ್ತದೆ ಎಂದೆ. ಅಲ್ಲಿಂದ ವಾರಕ್ಕೆ ಮೂರು ಮಧ್ಯಾಹ್ನ ಅವರ ಮನೆಯಲ್ಲೇ ಕಳೆಯತೊಡಗಿದೆ.

ನಾನು ಆಗ ಗಗನನೌಕೆಯ ಕಥೆ ಎಂದರೆ ಮಕ್ಕಳ ಆಟ ಎಂದುಕೊಂಡಿದ್ದವಳು. ಹಾಗೆಂದು ಅವರ ಮುಂದೆ ಆಡಿಯೂ ಬಿಟ್ಟೆ. ಅವರು ಸಿಟ್ಟಾಗಲಿಲ್ಲ. ರಾಕೆಟ್ಟನ್ನು ಬಿಡಿ, ಅದರೊಳಗೆ ಕೂತವನಿಗೆ ಯಾರ ನೆನಪಾಗುತ್ತಿದೆ ನೋಡಿ ಎಂದರು. ಆರು ತಿಂಗಳಲ್ಲಿ ನಾನು ಸಹಾಯಕ ಸಂಪಾದಕಿ ಎಂದು ಊರಿಗೆ ಕಾಗದ ಬರೆದುಕೊಳ್ಳುವಷ್ಟು ಉಬ್ಬಿದ್ದೆ.

ಆ ಮನೆಯಲ್ಲಿ ಕೂರಲು ಕುರ್ಚಿಗಿಂತ ಮೊದಲು ಜಾಗ ಹುಡುಕಬೇಕಾಗಿತ್ತು. ಎಲ್ಲೆಲ್ಲೂ ಕಂದು ಲಕೋಟೆಗಳು. ಬರೆದವರ ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಓದುತ್ತಿದ್ದರು. ಆರಿಸಿದ ಕಥೆಗಳ ಅನುಕ್ರಮ ಹಾಕುವುದು ಮೆಟ್ಟಿಲುಗಳ ಮೇಲೆ. ಮನೆಯ ಮಹಡಿಗೆ ಹದಿಮೂರು ಮೆಟ್ಟಿಲು, ಒಂದೊಂದರ ಮೇಲೆ ಒಂದೊಂದು ಕಥೆ. ದಿನಗಟ್ಟಲೆ ಹತ್ತಿ ಇಳಿದು ಮೂರನೆಯದನ್ನು ಏಳಕ್ಕೆ, ಏಳನ್ನು ನಾಲ್ಕಕ್ಕೆ ಇಡುತ್ತಿದ್ದರು. ಕೆಳಗಿನದು ಓದುಗನನ್ನು ಒಳಗೆ ಕರೆಯುವ ಕಥೆ. ಮೇಲಿನ ಮೆಟ್ಟಿಲಿನದು ಅವನು ಜೊತೆಗೆ ಒಯ್ಯುವ ಕಥೆ, ಅದನ್ನು ಆರಿಸುವುದರಲ್ಲೇ ಸಂಪಾದಕನ ಜೀವಮಾನ ಹೋಗುತ್ತದೆ ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು, ನನ್ನ ಕಥೆ ನಿಂತಿರುವುದೇ ಅದರ ಮೇಲೆ. ತಿರಸ್ಕರಿಸಿದ ಪ್ರತಿ ಕಥೆಗೂ ಅವರು ಕಾಗದ ಬರೆಯುತ್ತಿದ್ದರು, ಮತ್ತು ಅದರಲ್ಲಿ ಕಥೆಯ ಕೊನೆಯ ಬಗ್ಗೆ ಒಂದು ವಾಕ್ಯ ಇರಲೇಬೇಕು. ಪೂರ್ತಿ ಓದಿದ್ದಾರೆ ಎಂದು ಬರೆದವರಿಗೆ ತಿಳಿಯಬೇಕಲ್ಲ. ಅಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಅವ ಮೂರು ತಿಂಗಳು ಕೂತು ಬರೆದದ್ದು. ನಮಗೆ ಒಂದು ಗಂಟೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ?" ಎಂದರು.

ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಅವರ ಕಣ್ಣು ಮಂಜಾಗುತ್ತಾ ಬಂತು. ಗ್ಲಾಕೋಮಾ. ಅಕ್ಷರ ಕಾಣದಾದಾಗ ನಾನು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು ಎಂದಾಯಿತು. ನಾನು ಓದಿದ್ದೇ ಕಥೆ, ನಾನು ಹೇಳಿದ್ದೇ ಕೊನೆ.

ಒಂದು ಶುಕ್ರವಾರ ಸಂಜೆ ನಮ್ಮ ಮನೆಗೆ ಊಟಕ್ಕೆ ಎಂಟು ಜನ ಬರುವವರಿದ್ದರು. ಎಣ್ಣೆಗಾಯಿಗೆ ಬೇಕಾದ ಸಣ್ಣ ಬದನೆಕಾಯಿ ದೂರದ ಸೌತ್‌ಹಾಲಿನ ನಮ್ಮವರ ಅಂಗಡಿಗಳಿಂದಲೇ ತರಬೇಕು ಎಂಬ ಹಟ ನನ್ನದು. ಆ ಮಧ್ಯಾಹ್ನ ಸರ್ ಮನೆಯಲ್ಲಿ ನನ್ನ ಕೈಯಲ್ಲಿದ್ದದ್ದು ಹೇಸ್ ಎಂಬಲ್ಲಿಂದ ಬಂದ ಒಂದು ಕಥೆ. ಬರೆದಾಕೆ ಏರ್‌ಪೋರ್ಟಿನ ಹತ್ತಿರದ ಗೋದಾಮಿನಲ್ಲಿ ವಿಮಾನದ ಊಟದ ಟ್ರೇ ಜೋಡಿಸುವ ಕೆಲಸದವಳಂತೆ. ಧ್ವನಿ ಬಹಳ ನಿಧಾನವಾಗಿ ಹರಿಯುವ ಒಂದು ಗ್ರಹ. ಅಲ್ಲಿ ತಾಯಿಯೊಬ್ಬಳು ಹೊಲದಾಚೆಗಿರುವ ಮಗಳನ್ನು ಊಟಕ್ಕೆ ಕರೆಯುತ್ತಾಳೆ. ನಾಲ್ಕು ಪುಟ ಓದಿದೆ, ಗಡಿಯಾರ ನೋಡಿದೆ, ಉಳಿದದ್ದನ್ನು ಹೆಬ್ಬೆರಳಿನಿಂದ ಸರಿಸಿದೆ. ಮಗಳು ಓಡಿ ಬರುತ್ತಾಳೆ, ತಾಯಿ ಅಪ್ಪಿಕೊಳ್ಳುತ್ತಾಳೆ, ಸಪ್ಪೆ ಕೊನೆ ಎಂದು ಸಲೀಸಾಗಿ ಹೇಳಿಬಿಟ್ಟೆ. ಅವರು ನಂಬಿದರು. ತಿರಸ್ಕಾರದ ಕಾಗದದಲ್ಲಿ ಆ ಅಪ್ಪುಗೆಯ ಬಗ್ಗೆ ಮೃದುವಾದ ಒಂದು ವಾಕ್ಯ ಹೇಳಿ ಬರೆಸಿ, ಹಸ್ತಪ್ರತಿಯ ಜೊತೆ ಕಳಿಸಿದರು. ಎಣ್ಣೆಗಾಯಿ ಚೆನ್ನಾಗಿಯೇ ಆಗಿತ್ತು, ಎಲ್ಲರೂ ಹೊಗಳಿದರು.

ಮೂರು ವಾರಕ್ಕೆ ಅದೇ ಹಸ್ತಪ್ರತಿ ತಿರುಗಿ ಬಂತು. ಅಂಚೆ ಒಡೆಯುವವಳು ನಾನೇ. ಜೊತೆಗೆ ಚೀಟಿ ಇತ್ತು. ಒಂಬತ್ತು ಮತ್ತು ಹತ್ತನೆಯ ಪುಟಗಳನ್ನು ತಾನು ಅಂಚಿಗೆ ಒಂದು ತೊಟ್ಟು ಅಂಟು ಹಾಕಿ ಕಳಿಸಿದ್ದೆ, ಅವು ಅಂಟಿಕೊಂಡೇ ಮರಳಿವೆ ಎಂದು ಬರೆದಿದ್ದಳು. ನೀವು ಹೇಳಿದ ಅಪ್ಪುಗೆ ನನ್ನ ಕಥೆಯಲ್ಲಿ ಇಲ್ಲ. ನೀವೊಬ್ಬರು ಪೂರ್ತಿ ಓದುತ್ತೀರಿ ಎಂದು ಕೇಳಿದ್ದೆ. ಅಷ್ಟೇ. ಒಂದು ಕೆಟ್ಟ ಮಾತೂ ಇರಲಿಲ್ಲ.

ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಕೆಟಲಿನ ಆವಿಗೆ ಹಿಡಿದು ಪುಟಗಳನ್ನು ಬಿಡಿಸಿದೆ. ತಾಯಿಯ ಕೂಗು ಮಗಳನ್ನು ಮುಟ್ಟುವುದು ಮಗಳು ಮುದುಕಿಯಾದ ಮೇಲೆ. ತಾಯಿ ಇಲ್ಲವೆಂದು ಗೊತ್ತಿದ್ದೂ ಅವಳು ಆ ಹೊಲದ ಕಡೆಗೆ ತಿರುಗಿ "ಬಂದೆ" ಎಂದು ಕೂಗುತ್ತಾಳೆ. ನಾನು ಅಡುಗೆಮನೆಯಲ್ಲಿ ನಿಂತೇ ಅತ್ತೆ. ನಾಚಿಕೆಯಿಂದಲೂ ಅತ್ತೆ.

ಹೇಳದೇ ಇದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಹನ್ನೊಂದು ದಿನ ಹಾಗೇ ಇದ್ದೆ, ಅನ್ನ ಸೇರಲಿಲ್ಲ. ಹನ್ನೆರಡನೆಯ ದಿನ ಹಸ್ತಪ್ರತಿ ಹಿಡಿದು ಹೋಗಿ, "ಸರ್, ಹೇಸ್‌ದಾಕಿ ಕಥಿ ನಾ ಪೂರಾ ಓದಿರಲಿಲ್ರಿ. ಕೊನಿ ನಾನ ಹುಟ್ಟಿಸಿ ಹೇಳಿದ್ದೆ" ಎಂದೆ.

 ಅವರು ಈಗ ಓದಿ ಎಂದರು. ಒಂದಕ್ಷರ ಬಿಡದೆ ಓದಿದೆ. ಮುಗಿಯುವಾಗ ಅವರ ಕೆನ್ನೆ ಒದ್ದೆಯಾಗಿತ್ತು. ಕಣ್ಣಿಗೆ ಮದ್ದು ಹಾಕಿ ಸ್ವಲ್ಪವೇ ಹೊತ್ತಾಗಿತ್ತು, ಆದ್ದರಿಂದ ಅದು ಏನೆಂದು ನಾನು ಹೇಳಲಾರೆ. ಕೂಡಲೇ ಆಕೆಗೆ ಕಾಗದ ಬರೆಸಿದರು: ನಿಮ್ಮ ಕಥೆಯನ್ನು ನಾನು ಓದಿರಲಿಲ್ಲ, ಓದಿದಂತೆ ಬರೆದೆ, ಕ್ಷಮಿಸಿ, ಒಪ್ಪುವುದಾದರೆ ಸಂಕಲನದ ಕೊನೆಯ ಕಥೆ ನಿಮ್ಮದೇ. ತಪ್ಪು ನನ್ನದು, ನನ್ನ ಹೆಸರು ಹಾಕಿ ಎಂದು ಗೋಗರೆದೆ. "ಪುಸ್ತಕದ ಮೇಲೆ ಯಾರ ಹೆಸರು ಉಂಟು? ತಪ್ಪೂ ಅವರದ್ದೇ," ಎಂದು ತಡಕಾಡಿ ಸಹಿ ಮಾಡಿದರು.

ಉತ್ತರ ಬರಲಿಲ್ಲ. ಮತ್ತೊಂದು ಬರೆಸಿದರು, ಅದಕ್ಕೂ ಇಲ್ಲ. ಹನ್ನೆರಡು ಮೆಟ್ಟಿಲು ತುಂಬಿ ಮೇಲಿನದು ಖಾಲಿ ಇತ್ತು. ಪ್ರಕಾಶಕರು ಅವಸರ ಮಾಡಿದರು, ಒಳ್ಳೆಯ ಕಥೆಗಳು ಬೇರೆಯೂ ಇದ್ದವು, ಇವರು ಒಪ್ಪಲಿಲ್ಲ. ಪುಸ್ತಕ ಒಂದು ಕಥೆ ಕಡಿಮೆಯಾಗಿಯೇ ಅಚ್ಚಾಯಿತು. ಅದು ಬಂದ ವಾರವೇ ಸಂಪಾದಕತ್ವ ಬಿಟ್ಟರು. "ಓದ್ಲಿಕ್ಕೆ ಆಗದವ ಸಂಪಾದಕ ಅಲ್ಲ ಮಾರಾಯ್ರೇ. ನೀವು ಬೇಜಾರು ಮಾಡ್ಬೇಡಿ," ಎಂದರು. ಅದು ಕಣ್ಣಿನ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೈದುಬಿಟ್ಟಿದ್ದರೆ ಹಗುರಾಗುತ್ತಿದ್ದೆ. ಅವರು ಎಂದೂ ಬೈಯಲಿಲ್ಲ.

ಅವರು ತೀರಿಕೊಳ್ಳುವವರೆಗೂ ನಾನು ವಾರಕ್ಕೊಮ್ಮೆ ಹೋಗಿ ಪೇಪರ್ ಓದಿ ಹೇಳುತ್ತಿದ್ದೆ, ಜಾಹೀರಾತಿನ ಸಮೇತ. ಅವರ ನಂತರ ಆ ಹಸ್ತಪ್ರತಿ ನನ್ನ ಹೆಸರು ಬರೆದ ಲಕೋಟೆಯಲ್ಲಿ ನನಗೆ ಬಂತು.

ನಿನ್ನೆ ಕಸದ ಪಟ್ಟಿ ಓದಿಯಾದ ಮೇಲೆ ಆ ಹಸ್ತಪ್ರತಿಯನ್ನು ಹೊರತೆಗೆದೆ. ಇಷ್ಟು ವರ್ಷ ಅವರ ಸಹಿಯ ಹಿಂದೆ ಹಾಯಾಗಿ ಅಡಗಿ ಕೂತಿದ್ದೆ ಎಂಬುದು ಮೊದಲ ಬಾರಿಗೆ ಸರಿಯಾಗಿ ಕಂಡಿತು. ಹೇಸ್‌ನ ವಿಳಾಸ ಮೊದಲ ಪುಟದಲ್ಲಿದೆ. ಆ ಮನೆಗೆ ಎಷ್ಟು ಬಾಡಿಗೆಯವರು ಬಂದು ಹೋದರೋ, ಆಕೆ ಇದ್ದಾಳೋ ಇಲ್ಲವೋ. ಕೂತು ಕಾಗದ ಬರೆದೆ. ಓದದೇ ಇದ್ದವಳು ನಾನು, ಸುಳ್ಳು ಹೇಳಿದವಳು ನಾನು, ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದು ಬರೆದೆ. ಪದ್ಧತಿಯಂತೆ ಕೊನೆಯ ಬಗ್ಗೆಯೂ ಒಂದು ವಾಕ್ಯ ಬರೆಯಬೇಕಿತ್ತು. "ಕುಳಿತಲ್ಲಿಂದಲೇ ಕೂಗಬಹುದಿತ್ತು, ಆದರೆ ನಿಮ್ಮ ಮುದುಕಿ ಮೊದಲು ಎದ್ದು ನಿಲ್ಲುತ್ತಾಳೆ," ಎಂದು ಬರೆದೆ. ಅದರ ಕೆಳಗೆ ನನ್ನ ಹೆಸರು ಹಾಕಿದೆ.

ಹಸ್ತಪ್ರತಿಯನ್ನೂ ಜೊತೆಗಿಟ್ಟು ಲಕೋಟೆಗೆ ಅಂಟು ಹಚ್ಚಿದೆ, ಒಳಗಿನ ಹಾಳೆಗಳಿಗೆ ತಾಗದಂತೆ ನೋಡಿಕೊಂಡು.